ಮೂರನೆಯ ದಿನದ ಬ್ಯಾಟರಿ

ನಮ್ಮ ಅಬ್ಬಾ ಲಾರಿ ಓಡಿಸುತ್ತಾರೆ. ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ ಹೋಗುವುದೇ ಹೆಚ್ಚು. ಅಲ್ಲಿ ಕೋಳಿ ಫಾರಂಗಳು ಬಹಳ, ನಮ್ಮ ಜೋಳ ಅಲ್ಲಿ ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಹೋಗುವ ಬಾಡಿಗೆ ಸುಲಭವಾಗಿ ಸಿಗುತ್ತದೆ, ಬರುವ ಬಾಡಿಗೆಗೆ ಕಾಯಬೇಕು. ಒಮ್ಮೊಮ್ಮೆ ಎರಡು ದಿನ, ಒಮ್ಮೊಮ್ಮೆ ನಾಲ್ಕು ದಿನ. ಆ ದಿನಗಳಲ್ಲಿ ಇಂಜಿನ್ ಬಂದ್, ಲಾರಿಯೇ ಮನೆ.

ಅಬ್ಬಾಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್ ತಿಂಗಳಲ್ಲಿ ನಿಂತ ಲಾರಿಯ ಕ್ಯಾಬಿನ್ ಹೇಗಿರುತ್ತದೆ ಎಂದು ಅದರೊಳಗೆ ಕೂತವರಿಗೇ ಗೊತ್ತು. ಅದಕ್ಕಾಗಿಯೇ ಕಳೆದ ವರ್ಷ ಕ್ಯಾಬಿನ್ ಮೇಲೆ 100 ವ್ಯಾಟ್‌ನ ಎರಡು ಸೋಲಾರ್ ಪ್ಯಾನೆಲ್, ಸೀಟಿನ ಹಿಂದೆ 12.8 ವೋಲ್ಟ್ 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿ, ಒಂದು ಪುಟ್ಟ ಫ್ರಿಜ್, ಒಂದು ಫ್ಯಾನ್ ಹಾಕಿಸಿದರು. ಬ್ಯಾಟರಿಗೇ 28,000 ರೂಪಾಯಿ. ಅದರಲ್ಲಿ ಅರ್ಧ ಅಮ್ಮಿಯ ಚೀಟಿ ಹಣ. ಲಾರಿಯ ಸ್ವಂತ ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಫ್ರಿಜ್ ಓಡಿಸಿ ಲಾರಿಯ ಬ್ಯಾಟರಿ ಇಳಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ, ಆದ್ದರಿಂದ ಎರಡೂ ಬೇರೆ ಬೇರೆ.

ಈದ್ ಮುಗಿದ ಮರುವಾರ ನಾಮಕ್ಕಲ್‌ನಿಂದ ಅಬ್ಬಾ ಫೋನ್ ಮಾಡಿದರು. "ಬ್ಯಾಟರಿ ಬೈಠ್ ಗಯಿ" ಎಂದರು. ಕಾಯುತ್ತಿದ್ದ ಮೂರನೆಯ ದಿನ ಬೆಳಿಗ್ಗೆ ಫ್ರಿಜ್ ಬೆಚ್ಚಗಿತ್ತಂತೆ, ಎರಡು ಬಾಟಲಿ ಇನ್ಸುಲಿನ್ ಚೆಲ್ಲಬೇಕಾಯಿತು. ಇದು ಮೊದಲ ಸಲವೂ ಅಲ್ಲ. ಹಿಂದೆ ಎರಡು ಬಾರಿ ಹೀಗಾದಾಗ ಅದು ತಾನಾಗಿಯೇ ಚೇತರಿಸಿಕೊಂಡಿತ್ತು. ಈ ಸಲ ಕಂಟ್ರೋಲರ್‌ನ ದೀಪವೇ ಹೊತ್ತಲಿಲ್ಲ. ಊರಿಗೆ ಬಂದು, ಹಾಕಿಕೊಟ್ಟ ಅಂಗಡಿಗೆ ಹೋದರೆ ಅವರು ಮೀಟರ್ ಹಿಡಿದು ನೋಡಿ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಎಂದರು. ಐದು ನಿಮಿಷದ ಕೆಲಸ. 28,000 ರೂಪಾಯಿ ಸ್ವತ್ತು ಒಂದು ವರ್ಷದಲ್ಲಿ ಸೊನ್ನೆ. ಯಾವ ಡೆಪ್ರಿಸಿಯೇಶನ್ ಪದ್ಧತಿಯಲ್ಲೂ ಇದು ಸರಿಯಾಗಿ ಕೂರುವುದಿಲ್ಲ.

ಅಬ್ಬಾ ಅದನ್ನು ನಂಬಿ ಬಂದಿದ್ದರು. ಅಮ್ಮಿ ಮಾತ್ರ ನಂಬಲಿಲ್ಲ. ಅವರ ದುಡ್ಡಲ್ಲವೇ! ಅವರೇ ನಮ್ಮಿಬ್ಬರನ್ನು ಲಾರಿ ಸ್ಟ್ಯಾಂಡ್ ಹತ್ತಿರದ ಹಳೆಯ ಆಟೋ ಎಲೆಕ್ಟ್ರಿಷಿಯನ್ ಕಾಕಾ ಬಳಿಗೆ ಕಳಿಸಿದರು. ನನ್ನನ್ನು ಏಕೆಂದರೆ ಲೆಕ್ಕ ಬರೆದುಕೊಳ್ಳಲು. ಸ್ಟ್ಯಾಂಡಿಗೆ ಹುಡುಗಿ ಬರುವುದೇ ಎಂದು ಅಬ್ಬಾ ಸ್ವಲ್ಪ ಹಿಂದೆಮುಂದೆ ನೋಡಿದರು. ಆಮೇಲೆ ಸುಮ್ಮನಾದರು.

ಕಾಕಾ ಮೀಟರ್ ಇಟ್ಟಾಗ 1.8 ವೋಲ್ಟ್ ತೋರಿಸಿತು. "ಆಸಿಡ್ ಬ್ಯಾಟರಿ ಆಗಿದ್ರೆ ನಾನೂ ಹೋತು ಅಂತಿದ್ದೆ ಭಾಯ್. ಇದು ಹೋಗಿಲ್ಲ, ಬಾಗ್ಲು ಹಾಕ್ಕೊಂಡು ಕೂತೈತಿ" ಎಂದರು. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ಒಳಗೆ 3.2 ವೋಲ್ಟ್‌ನ ನಾಲ್ಕು ಸೆಲ್‌ಗಳು ಸಾಲಾಗಿವೆ. ಯಾವುದೇ ಸೆಲ್ ಸುಮಾರು 2.5 ವೋಲ್ಟ್‌ಗೆ ಇಳಿದರೆ ಆ ಕಾವಲುಗಾರ ಹೊರಗಿನ ಸಂಪರ್ಕವನ್ನೇ ಕಡಿದುಬಿಡುತ್ತಾನೆ. ಅಂಗಡಿ ಷಟರ್ ಎಳೆದಿದೆ ಎಂದರೆ ಒಳಗೆ ಸರಕು ಸುಟ್ಟುಹೋಗಿದೆ ಎಂದೇನಲ್ಲವಲ್ಲ. ಇಲ್ಲಿ ಇನ್ನೊಂದು ತೊಡಕಿದೆ. ಸೋಲಾರ್ ಕಂಟ್ರೋಲರ್ ತಾನು ಎಚ್ಚರವಾಗಲು ಬ್ಯಾಟರಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಬ್ಯಾಟರಿ ಬಾಗಿಲು ಹಾಕಿದ್ದರಿಂದ ಕಂಟ್ರೋಲರ್‌ಗೆ ಅದು ಕಾಣುವುದಿಲ್ಲ. ಕಂಟ್ರೋಲರ್ ಚಾರ್ಜ್ ಕೊಡದೆ ಬ್ಯಾಟರಿ ಬಾಗಿಲು ತೆರೆಯುವುದಿಲ್ಲ. ಮೇಲೆ ಬಿಸಿಲು ಸುಡುತ್ತಿದ್ದರೂ ಕೆಳಗೆ ಇಬ್ಬರೂ ಮಾತು ಬಿಟ್ಟ ನೆಂಟರಂತೆ ಕೂತಿರುತ್ತಾರೆ.

ಕಾಕಾ ಮೊದಲು ಬ್ಯಾಟರಿಯ ಮೈ ಸವರಿ ನೋಡಿದರು. ಉಬ್ಬಿದೆಯೇ, ಬಿಸಿ ಇದೆಯೇ, ವಾಸನೆ ಇದೆಯೇ? ಇದ್ದರೆ ಮುಟ್ಟುವುದೇ ಬೇಡ ಎಂದರು. ಸೆಲ್‌ಗಳು ತೀರಾ ಕೆಳಗಿಳಿದು ಬಹಳ ದಿನ ಹಾಗೇ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ, ಆಮೇಲೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ನಮ್ಮದು ಬಿದ್ದು ನಾಲ್ಕೇ ದಿನವಾಗಿತ್ತು.

ಎಬ್ಬಿಸುವುದಕ್ಕೆ ಅವರು ಬಳಸಿದ್ದು ಲಾರಿಯ ಬ್ಯಾಟರಿಯನ್ನೇ. ಆದರೆ ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಆಗಿರುತ್ತದೆ. ಎರಡರ ತುದಿಗಳಿಂದ ವೈರ್ ಎಳೆದರೆ ನಮ್ಮ ಲಿಥಿಯಂ ಬ್ಯಾಟರಿ ಮೇಲೆ 24 ವೋಲ್ಟ್ ಬಿದ್ದು ಅನಾಹುತವೇ. ಕಾಕಾ ಒಂದೇ ಬ್ಯಾಟರಿಯಿಂದ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರು. ಮಧ್ಯೆ ಒಂದು ಫ್ಯೂಸ್, ಜೊತೆಗೆ ಒಂದು ಹೆಡ್‌ಲೈಟ್ ಬಲ್ಬ್. ಬಲ್ಬ್ ಏಕೆ ಎಂದು ಕೇಳಿದೆ. "ಕರೆಂಟ್ ಒಮ್ಮೆಲೇ ನುಗ್ಗಬಾರ್ದವ್ವಾ, ಬಲ್ಬ್ ಅದನ್ನ ತಡೀತೈತಿ" ಎಂದರು. ಕೆಲವು ಸೆಕೆಂಡಿನಲ್ಲಿ ಮೀಟರ್ 1.8ರಿಂದ 11.4ಕ್ಕೆ ಹಾರಿತು. ಬಾಗಿಲು ತೆರೆದಿತ್ತು. ಲಾರಿಯ ವೈರ್ ಬಿಚ್ಚಿ, ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್ ಅನ್ನು ಕಂಟ್ರೋಲರ್‌ಗೆ ಜೋಡಿಸಿದರು. ಈ ಕ್ರಮ ತಪ್ಪಬಾರದಂತೆ. ಹಸಿರು ದೀಪ ಹೊತ್ತಿತು. ಅಬ್ಬಾ "ಅಲ್‌ಹಮ್ದುಲಿಲ್ಲಾಹ್" ಎಂದು ಚಹಾ ತರಿಸಲು ಹೋದರು. (ಗೆಳತಿಯರೇ, ಇದನ್ನು ಓದಿ ಸತ್ತ ಮೊಬೈಲ್ ಬ್ಯಾಟರಿಗೆ ವೈರ್ ಹಚ್ಚಲು ಹೋಗಬೇಡಿ. ಕಾಕಾಗೆ ಈ ಕೆಲಸದಲ್ಲಿ ನಲವತ್ತು ವರ್ಷ ಆಗಿದೆ.)

ಅಬ್ಬಾಗೆ ಕೆಲಸ ಮುಗಿದಿತ್ತು. ನನಗೆ ಮುಗಿದಿರಲಿಲ್ಲ. ಬ್ಯಾಟರಿ ಸತ್ತಿರಲಿಲ್ಲ ಸರಿ, ಆದರೆ ಬರಿದಾದದ್ದು ಏಕೆ? ಕಾರಣ ಹಾಗೇ ಉಳಿದರೆ ಮುಂದಿನ ಟ್ರಿಪ್ಪಿನಲ್ಲೂ ಮೂರನೆಯ ದಿನ ಫ್ರಿಜ್ ಬೆಚ್ಚಗಾಗುತ್ತದೆ.

ಕಾಮರ್ಸ್ ತೆಗೆದುಕೊಂಡೆ ಎಂದು ವಿಜ್ಞಾನ ವಿಭಾಗದ ನನ್ನ ಸೋದರಸಂಬಂಧಿಗಳು ಇವತ್ತಿಗೂ ರೇಗಿಸುತ್ತಾರೆ. ಆದರೆ ಬ್ಯಾಟರಿ ಎಂದರೆ ನನಗೆ ಕಂಡದ್ದು ಒಂದು ಕ್ಯಾಶ್ ಬುಕ್. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದೆ. ಕಾಕಾ ಒಂದೊಂದೇ ಉಪಕರಣ ಹಾಕಿ ಕ್ಲ್ಯಾಂಪ್ ಮೀಟರ್ ಹಿಡಿದರು. ಫ್ರಿಜ್ ನಿಂತು ನಿಂತು ಓಡುವುದರಿಂದ ಸರಾಸರಿ ಗಂಟೆಗೆ 1 ಆಂಪಿಯರ್, ದಿನಕ್ಕೆ 24. ಫ್ಯಾನ್ ರಾತ್ರಿಗೆ 9. ದೀಪ, ಮೊಬೈಲ್ ಸೇರಿ 3. ಒಟ್ಟು 36. ಆಮೇಲೆ ಎಲ್ಲವನ್ನೂ ಬಂದ್ ಮಾಡಿ ನೋಡಿದರೆ ಮೀಟರ್ ಸೊನ್ನೆಗೆ ಬರಬೇಕಿತ್ತು. 0.8ರಲ್ಲಿ ನಿಂತಿತು.

ಸೀಟಿನ ಹಿಂದೆ, ಕಂಬಳಿಗಳ ಕೆಳಗೆ ಇನ್ವರ್ಟರ್ ಇತ್ತು. ಟ್ರಿಮ್ಮರ್ ಚಾರ್ಜ್ ಮಾಡಲು ಅಬ್ಬಾ ವಾರಕ್ಕೊಮ್ಮೆ ಬಳಸುವ ವಸ್ತು. ಹಾಕಿಕೊಟ್ಟವರು ಅದನ್ನು ನೇರವಾಗಿ ಬ್ಯಾಟರಿಗೇ ಬಿಗಿದು, ಸ್ವಿಚ್ ಆನ್ ಮಾಡಿ, ಮೇಲೆ ಕಂಬಳಿ ಹೊದಿಸಿ ಹೋಗಿದ್ದರು. ಏನೂ ಕೆಲಸ ಮಾಡದೆ ದಿನಕ್ಕೆ 19 ಆಂಪಿಯರ್-ಅವರ್ ತಿನ್ನುತ್ತಾ ಒಂದು ವರ್ಷ ಕೂತಿತ್ತು. ಖರ್ಚು 36 ಅಲ್ಲ, 55.

ಇನ್ನು ಜಮಾ. ಮಧ್ಯಾಹ್ನ ಎರಡೂ ಪ್ಯಾನೆಲ್ ಸೇರಿ 9 ಆಂಪಿಯರ್ ಕೊಡುತ್ತಿದ್ದವು. ದಿನಕ್ಕೆ ಐದು ಗಂಟೆಯ ಒಳ್ಳೆಯ ಬಿಸಿಲು ಎಂದು ಹಿಡಿದು, ಧೂಳು ಗೀಳು ಕಳೆದರೆ 40. ಹಾಗಾದರೆ ದಿನಕ್ಕೆ 15 ಕೊರತೆ. 100ರ ಬ್ಯಾಟರಿ ಆರು ದಿನ ತಾಳಬೇಕು. ಮೂರನೆಯ ದಿನಕ್ಕೇ ಬೀಳುವುದಿಲ್ಲ. ನನ್ನ ಪುಸ್ತಕ ಟ್ಯಾಲಿ ಆಗಲಿಲ್ಲ.

ಅಬ್ಬಾ ಓದಿದ್ದು ಉರ್ದು ಶಾಲೆಯಲ್ಲಿ, ಐದನೆಯ ತರಗತಿವರೆಗೆ. ಅವರ ಬಳಿ ಒಂದು ಟ್ರಿಪ್ ಡೈರಿ ಇದೆ. ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಡೀಸೆಲ್, ಟೋಲ್, ಹಮಾಲಿ, ಎಲ್ಲಾ ತಾರೀಕಿನೊಂದಿಗೆ ಇರುತ್ತದೆ. ಅದನ್ನು ಓದುತ್ತಾ ಬ್ಯಾಟರಿ ಬಿದ್ದ ಮೂರು ತಾರೀಕು ಹುಡುಕಿದೆ. ಮೂರೂ ಲಾರಿ ಖಾಲಿಯಾಗಿ ಕಾಯುತ್ತಿದ್ದ ದಿನಗಳು. ಲೋಡ್ ಇದ್ದಾಗ ಒಮ್ಮೆಯೂ ಬಿದ್ದಿಲ್ಲ. ಬಿಸಿಲಿಗೆ ಲಾರಿ ಖಾಲಿಯೋ ತುಂಬಿದೆಯೋ ಎಂದು ಹೇಗೆ ಗೊತ್ತಾಗುತ್ತದೆ?

ಉತ್ತರ ಸಿಕ್ಕಿದ್ದು ಕಾಕಾ ಕೇಳಿದ ಒಂದು ಮಾತಿನಿಂದ. "ಖಾಲಿ ಇದ್ದಾಗ ತಾಡಪಾಲು ಎಲ್ಲಿ ಇಡ್ತೀರಿ ಭಾಯ್?" ಅಬ್ಬಾ ಕ್ಯಾಬಿನ್ ಮೇಲಿನ ಕ್ಯಾರಿಯರ್ ಕಡೆ ಬೆರಳು ತೋರಿಸಿದರು. ಲೋಡ್ ಇದ್ದಾಗ ತಾಡಪಾಲು ಜೋಳದ ಮೇಲೆ, ಖಾಲಿ ಇದ್ದಾಗ ಮಡಚಿ ಕ್ಯಾಬಿನ್ ಮೇಲೆ, ಹಗ್ಗದ ಸಮೇತ. ಅವರು ಅದನ್ನು ಮಾಮೂಲಿನಂತೆ ಎಸೆದು ತೋರಿಸಿದರು. ಒಂದು ಪ್ಯಾನೆಲ್‌ನ ಅರ್ಧ ಮುಚ್ಚಿತು. 9 ಇದ್ದ ಮೀಟರ್ ಆರೂ ಮುಕ್ಕಾಲಿಗೆ ಬರುತ್ತದೆ ಎಂದುಕೊಂಡೆ. ಅದು ನಾಲ್ಕೂವರೆಗೆ ಬಂತು.

ಇದನ್ನು ಕಾಕಾ ಎರಡು ಸಲ ವಿವರಿಸಬೇಕಾಯಿತು. ಪ್ಯಾನೆಲ್‌ನಲ್ಲಿ 36 ಸೆಲ್‌ಗಳು ಒಂದರ ಹಿಂದೆ ಒಂದು, ರೈಲು ಡಬ್ಬಿಗಳಂತೆ ಜೋಡಿಸಿರುತ್ತವೆ. ಒಂದೊಂದೂ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. ಅರ್ಧ ಮುಚ್ಚಿದರೆ ಉಳಿಯುವುದು 9-10 ವೋಲ್ಟ್. ಬ್ಯಾಟರಿ ಇರುವುದು 13ರಲ್ಲಿ. ಕೆಳಗಿನ ತೊಟ್ಟಿಯ ನೀರು ಮೇಲಿನ ತೊಟ್ಟಿಗೆ ತಾನಾಗಿ ಹರಿಯುತ್ತದೆಯೇ? ಹಾಗೆ, ಅರ್ಧ ಮುಚ್ಚಿದ ಪ್ಯಾನೆಲ್ ಕೊಡುವುದು ಅರ್ಧವಲ್ಲ, ಏನೂ ಇಲ್ಲ.

ಈಗ ಲೆಕ್ಕ ಕೂತಿತು. ಕಾಯುವ ದಿನ ಜಮಾ 20, ಖರ್ಚು 55, ಕೊರತೆ 35. ಹೋಗುವ ಎರಡು ದಿನದಲ್ಲೇ 30 ಕಳೆದು ನಾಮಕ್ಕಲ್ ತಲುಪಿದಾಗ ಉಳಿದದ್ದು 70. ಎರಡು ದಿನಕ್ಕೆ ಸೊನ್ನೆ. ಮೂರನೆಯ ದಿನ ಬೆಳಿಗ್ಗೆ ಫ್ರಿಜ್ ಬೆಚ್ಚಗೆ. ಪುಟದ ಕೆಳಗೆ ಎರಡು ಗೆರೆ ಎಳೆದೆ. ಅಕೌಂಟೆನ್ಸಿ ಪರೀಕ್ಷೆಯಲ್ಲಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗಲೂ ನನಗೆ ಇಷ್ಟು ಖುಷಿ ಆಗಿರಲಿಲ್ಲ.

ಹೀಗೆ ಬೀಳುವ ಮುನ್ಸೂಚನೆ ಅಬ್ಬಾಗೆ ಸಿಗದೇ ಇದ್ದದ್ದಕ್ಕೂ ಕಾರಣವಿತ್ತು. ಅವರು ಮೂವತ್ತು ವರ್ಷ ಆಸಿಡ್ ಬ್ಯಾಟರಿ ನೋಡಿದವರು. 12.7 ಬಂದರೆ ಅದು ಫುಲ್. ಈ ಬ್ಯಾಟರಿಯಲ್ಲಿ ಲೋಡ್ ಇಲ್ಲದೆ 12.8 ಎಂದರೆ ಐದನೆಯ ಒಂದು ಭಾಗವೂ ಉಳಿದಿಲ್ಲ ಎಂದರ್ಥ. ಲಿಥಿಯಂನ ವೋಲ್ಟ್ 13.3ರಿಂದ 13ರವರೆಗೆ ಬಹಳ ನಿಧಾನಕ್ಕೆ ಇಳಿದು, ಕೊನೆಯಲ್ಲಿ ದಡಕ್ಕನೆ ಬೀಳುತ್ತದೆ. ಕಂಟ್ರೋಲರ್ ಕೂಡ ಆಸಿಡ್ ಬ್ಯಾಟರಿಯ ಸೆಟ್ಟಿಂಗ್‌ನಲ್ಲೇ ಇತ್ತು. ಕಾಕಾ ಅದನ್ನು ಲಿಥಿಯಂಗೆ ಬದಲಿಸಿ, 14.4ಕ್ಕೆ ಚಾರ್ಜ್ ನಿಲ್ಲುವಂತೆ, 12ಕ್ಕೆ ಲೋಡ್ ಕಡಿಯುವಂತೆ ಇಟ್ಟರು. ಬಿಎಂಎಸ್ ಬಾಗಿಲು ಹಾಕುವ ಮೊದಲೇ ಕಂಟ್ರೋಲರ್ ಕೈ ಹಿಡಿಯುತ್ತದೆ. ಇನ್ವರ್ಟರ್‌ಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿ, ಕೈಗೆ ಸಿಗುವಂತೆ ಸೀಟಿನ ಪಕ್ಕ ಕೂರಿಸಿದರು. ಸ್ವಿಚ್, ವೈರ್, ಕೂಲಿ ಸೇರಿ 650 ರೂಪಾಯಿ. ಅಬ್ಬಾ ಸಾವಿರ ಕೊಡಲು ಹೋದರೆ ಕಾಕಾ ಬೈದು ವಾಪಸ್ ಕೊಟ್ಟರು.

ತಾಡಪಾಲು ಈಗ ಖಾಲಿ ಇದ್ದಾಗ ಲಾರಿಯ ಬಾಡಿಯೊಳಗೆ ಮೂಲೆಯಲ್ಲಿ ಇರುತ್ತದೆ. ಕಳ್ಳರ ಭಯವಿದೆ ಎಂದು ಅಬ್ಬಾ ಗೊಣಗುತ್ತಾರೆ. ಅದಕ್ಕೊಂದು ಚೈನು, ಬೀಗ ಬಂದಿದೆ, 180 ರೂಪಾಯಿ. ಅದನ್ನೂ ಬರೆದುಕೊಂಡಿದ್ದೇನೆ.

ಆಮೇಲೆ ನಾಮಕ್ಕಲ್‌ಗೆ ನಾಲ್ಕು ಟ್ರಿಪ್ ಆಗಿವೆ. ಒಂದರಲ್ಲಿ ಐದು ದಿನ ಕಾಯಬೇಕಾಯಿತು. ಪ್ರತಿ ಬೆಳಿಗ್ಗೆ ಫಜ್ರ್ ನಮಾಜ್ ಮುಗಿಸಿ ಅಬ್ಬಾ ವಾಟ್ಸಾಪ್‌ನಲ್ಲಿ ಒಂದು ಸಂಖ್ಯೆ ಕಳಿಸುತ್ತಿದ್ದರು: 13.2, 13.2, 13.1, 13.2, 13.1. ನಾಲ್ಕನೆಯ ದಿನ ಅಮ್ಮಿ ನನ್ನ ಫೋನ್ ಇಣುಕಿ ನೋಡಿ, ಬ್ಯಾಟರಿಯದು ಆಯಿತು, ಅವರ ಶುಗರ್ ಎಷ್ಟು ಕೇಳು ಎಂದರು. ಅಂದಿನಿಂದ ಎರಡು ಸಂಖ್ಯೆ ಬರುತ್ತಿವೆ.