ತಂತಿ ಕಾಯುವವರು

ಒಂದು ವರ್ಷದಿಂದ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಈ ಸಂಚಿಕೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಅಧ್ಯಾಪಕರು ಕ್ಷಮಿಸಬೇಕು, ಮಿತ್ರರು ನಗದಿರಬೇಕು.

ನಾನು ಭಾಲ್ಕಿಯವನು, ದಿನವೂ ರೈಲಿನಲ್ಲಿ ಬೀದರಿಗೆ ಬಂದು ಓದುವವನು. ನಾನು ಸೇರಿದ 2023ರಲ್ಲಿಯೇ ನಮ್ಮ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯ ಆರಂಭವಾಯಿತು. ಪರೀಕ್ಷೆಯ ಅರ್ಜಿ, ಶುಲ್ಕ, ಫಲಿತಾಂಶ ಎಲ್ಲವೂ ಇಂಟರ್ನೆಟ್ಟಿನ ಮೂಲಕವೇ ನಡೆಯುವ ಕಾಲವಿದು. ಆಗ ನಮ್ಮ ಕಾಲೇಜಿನಲ್ಲಿ ಅದರ ತಂತಿ ಕಛೇರಿಗೂ ಲ್ಯಾಬಿಗೂ ಮಾತ್ರ ಇತ್ತು. ಬರಬರುತ್ತ ಗ್ರಂಥಾಲಯಕ್ಕೆ, ತರಗತಿಗಳಿಗೆ, ಹೊಸ ಕಟ್ಟಡಕ್ಕೆ ಹಬ್ಬಿತು. ತಂತಿ ಬೆಳೆಯಿತು, ಕಾಯುವವರು ಮಾತ್ರ ಯಾರೂ ಇರಲಿಲ್ಲ. ಇತಿಹಾಸದ ಅಧ್ಯಾಪಕರೊಬ್ಬರು ಪಾಠ ಮುಗಿಸಿ ತಾವೇ ಏಣಿ ಹತ್ತುತ್ತಿದ್ದರು.

ಒಂದು ದಿನ ಲ್ಯಾಬಿನಲ್ಲಿ ತಂತಿಯೊಂದರ ತುದಿ ನೆಲದ ಮೇಲೆ ಬಿದ್ದಿತ್ತು. ತಂತಿಗಳೆಲ್ಲ ಬಂದು ಕೂಡುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ ಒಂದು ತೂತು ಖಾಲಿಯಿತ್ತು. ಅಚ್ಚುಕಟ್ಟಾಗಲೆಂದು ಅದರಲ್ಲಿ ಸಿಕ್ಕಿಸಿ ಮನೆಗೆ ಹೋದೆ. ಮರುದಿನ ಕಾಲೇಜಿನ ಜಾಲವೆಲ್ಲ ಸ್ತಬ್ಧ. ಮೂರು ದಿನ ಹಾಗೆಯೇ ಕಳೆಯಿತು. ವಿದ್ಯಾರ್ಥಿವೇತನದ ಕೊನೆಯ ದಿನಗಳು ಅವು. ಕಛೇರಿಯವರು ಮೊಬೈಲಿನಿಂದಲೇ ಕೆಲವು ಅರ್ಜಿಗಳನ್ನು ದಾಟಿಸಿದರು. ಔರಾದಿನಿಂದ ಬರುವ ನನ್ನ ಕಿರಿಯ ಮಿತ್ರನದು ಉಳಿದುಹೋಯಿತು. ಅವನ ತಂದೆ ಎರಡು ಆಡು ಮಾರಿ ಆ ವರ್ಷ ಸಾಗಿಸಿದರು. ಕೊನೆಗೆ ಪೇಟೆಯ ಮೆಕ್ಯಾನಿಕನೊಬ್ಬ ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದ. ಜಾಲ ಸರಿಹೋಯಿತು, ಕಾರಣ ತಿಳಿಯಲಿಲ್ಲ.

ಇದಾದ ಮೇಲೆ ಒಬ್ಬ ಇಂಜಿನಿಯರನನ್ನು ನೇಮಿಸಬೇಕೆಂಬ ಮಾತು ಬಂತು. ಅದೇ ಹಣಕ್ಕೆ ಇನ್ನೂ ಹತ್ತು ವೈಫೈ ಪೆಟ್ಟಿಗೆ ಬರುತ್ತವೆಂದು ಕೆಲವರ ವಾದ. ಸಂದರ್ಶನದ ದಿನ ವಿದ್ಯಾರ್ಥಿಗಳ ಪ್ರತಿನಿಧಿಯೆಂದು ನನ್ನನ್ನೂ ಮೂಲೆಯಲ್ಲಿ ಕೂಡಿಸಿದರು. ಮೊದಲು ಬಂದವರು ಕೊಳ್ಳಬೇಕಾದ ಯಂತ್ರಗಳ ಉದ್ದನೆಯ ಪಟ್ಟಿ ಹೇಳಿದರು. ಎರಡನೆಯವರು ಕೇಳಿದ್ದು ಒಂದೇ ಮಾತು: “ತಂತಿಗಳ ನಕ್ಷಾ ಎಲ್ಲಿ ಅದರಿ ಸರ್?” ನಕ್ಷೆ ಯಾರ ಬಳಿಯೂ ಇರಲಿಲ್ಲ.

ಆ ಮೂರು ದಿನಗಳ ಕಾರಣವೇನಿದ್ದೀತು ಎಂದು ಅಧ್ಯಾಪಕರು ಕೇಳಿದರು. ಅವರು ನಿಧಾನವಾಗಿ ಹೇಳಿದರು: “ಒಂದೇ ತಂತಿಯ ಎರಡೂ ತುದಿ ಒಂದೇ ಪೆಟ್ಟಿಗ್ಯಾಗ ಹಾಕಿರಬೇಕ್ರಿ. ಎಲ್ಲರಿಗೂ ಅಂತ ಕಳಿಸಿದ ಸಂದೇಶ ಅಲ್ಲೇ ಸುತ್ತಕೋತ ಹೆಚ್ಚಾಗತದ. ಬ್ಯಾರೆದಕ್ಕ ದಾರಿ ಸಿಗಂಗಿಲ್ಲ. ಹಾಕಿದವರ ತಪ್ಪಲ್ಲರಿ. ನೋಡವರಿಲ್ಲದ ಮನ್ಯಾಗ ಯಾರ ಕೈಯಾದ್ರೂ ಹಿಂಗೇ ಮಾಡತದ.”

ನನ್ನ ಮೈ ಬೆವರಿತು. ಆ ಕೈ ನನ್ನದೇ! ನಾನು ಬಾಯಿ ಬಿಡಲಿಲ್ಲ.

ನೌಬಾದಿನ ಸುರಂಗ ಬಾವಿಯನ್ನು ನೀವೆಲ್ಲ ನೋಡಿದ್ದೀರಿ. 15ನೆಯ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಕೆಂಪು ಜಂಬಿಟ್ಟಿಗೆಯನ್ನು ಕೊರೆದು ಎರಡು ಕಿಲೋಮೀಟರಿಗೂ ಮಿಕ್ಕಿ ನೀರಿನ ದಾರಿ ಮಾಡಿದರು. ಗಾಳಿಯಾಡಲಿ, ಇಳಿದು ಹೂಳು ತೆಗೆಯಲಿ ಎಂದು ಮೇಲಿನಿಂದ ಸಾಲಾಗಿ ಬಾವಿಗಳನ್ನು ತೋಡಿದರು. ಇಳಿಯುವವರು ಇಲ್ಲವಾದಾಗ ಹೂಳು ತುಂಬಿತು. ಊರು ಅದನ್ನು ಮರೆತೇಬಿಟ್ಟಿತು. ಮತ್ತೆ ಹೂಳೆತ್ತಿದ್ದು 2015ರ ಸುಮಾರಿಗೆ. ಕೊರೆದದ್ದು ಎಷ್ಟು ದೊಡ್ಡ ಕೆಲಸವೋ ಕಾಯುವುದೂ ಅಷ್ಟೇ ದೊಡ್ಡ ಕೆಲಸ.

ಎರಡನೆಯವರೇ ನೇಮಕವಾದರು. ಮೊದಲ ತಿಂಗಳು ಅವರು ಹೊಸದೇನನ್ನೂ ತರಲಿಲ್ಲ. ಪ್ರತಿ ತಂತಿಗೂ ಒಂದು ಸಂಖ್ಯೆ ಅಂಟಿಸಿ ನಕ್ಷೆ ಬರೆದರು.

ಕಳೆದ ವಾರ ಔರಾದಿನ ಮಿತ್ರನಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಆಗಲೇ ಹೇಳಬೇಕಿತ್ತಣ್ಣ, ತಂತಿ ಹಾಕಿದ್ದಕ್ಕಲ್ಲ, ಹೇಳದೇ ಇದ್ದದ್ದಕ್ಕ ಸಿಟ್ಟು ಬರತದ” ಎಂದ. ಅವನ ಮಾತು ನ್ಯಾಯವಾದದ್ದು.

ಇಂಜಿನಿಯರರ ನೇಮಕ ಈ ವರ್ಷದ ಕೊನೆಯವರೆಗೆ ಮಾತ್ರವಂತೆ. ಅವರನ್ನು ಉಳಿಸಿಕೊಳ್ಳಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ. ಕಾಯುವವರಿಲ್ಲದ ಜಾಲದ ಬೆಲೆ ಎಷ್ಟೆಂಬುದು ಎರಡು ಆಡು ಮಾರಿದ ಮನೆಗೆ ಗೊತ್ತು.