ದೇವಗಡದ ದೀಪ

ಬಯಲುಸೀಮೆಯವರಾದ ನಮಗೆ ಕಡಲೆಂದರೆ ದೂರದ ಮಾತು. ಕೆರೆ, ಹಳ್ಳ, ಹೆಚ್ಚೆಂದರೆ ಮಲಪ್ರಭೆ. ನಾವು ಬಲ್ಲ ನೀರು ಇಷ್ಟೇ. ಆದರೂ ನಮ್ಮ ಮನೆಯಲ್ಲಿ ಕಡಲಿನ ಕಥೆಯೊಂದು ತಲೆಯಿಂದ ತಲೆಗೆ ಇಳಿದು ಬಂದಿರುವದು. ನಮ್ಮ ತಂದೆಯವರ ಮುತ್ತಜ್ಜನು ಚಕ್ಕಡಿಯಲ್ಲಿ ಅರಳೆಯನ್ನು ಹೇರಿಕೊಂಡು, ಘಟ್ಟವಿಳಿದು, ಕುಮಟೆಯ ಬಂದರಕ್ಕೆ ಹೋಗುತ್ತಿದ್ದನಂತೆ. ಒಂದು ಸಲ ಕಾರವಾರದವರೆಗೂ ಹೋದವನು, ರಾತ್ರಿ ನೀರಿನ ನಡುವೆ ಉರಿಯುವ ದೀಪವನ್ನು ಕಂಡು ಬಂದು, "ಸಮುದ್ರದ ಮ್ಯಾಲೆ ಚುಕ್ಕಿ ಹಚ್ಚ್ಯಾರ" ಎಂದು ಓಣಿಗೆಲ್ಲ ಹೇಳಿದನಂತೆ. ಈ ಮಾತನ್ನು ತಂದೆಯವರು ತಮ್ಮ ಅಜ್ಜನ ಬಾಯಿಂದ ಕೇಳಿದವರು. ಹುಬ್ಬಳ್ಳಿಯ ಅಡತಿ ಅಂಗಡಿಯಲ್ಲಿ ಆಯುಷ್ಯವನ್ನು ಕಳೆದ ಅವರಿಗೆ ಆ ದೀಪವನ್ನು ನೋಡಲು ಪುರಸೊತ್ತು ದೊರೆತಿರಲಿಲ್ಲ.

ಈಗ ಅವರಿಗೆ ಎಂಬತ್ತು ದಾಟಿರುವದು. ಕಾಚಬಿಂದುವಿನಿಂದ ದೃಷ್ಟಿಯು ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬಂದಿದೆ. ಹೋದುದು ಮರಳಿ ಬರುವದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಕಳೆದ ಮಾಘದಲ್ಲಿ ಒಂದು ಸಂಜೆ ಅವರು, "ತಮ್ಮಾ, ಕಣ್ಣು ಪೂರಾ ಹೋಗೂದ್ರೊಳಗ ಆ ದೀಪಾ ಒಮ್ಮೆ ನೋಡಬೇಕಲಾ" ಎಂದರು.

ತಾಯಿಯವರು ಒಪ್ಪಲಿಲ್ಲ. ಅವರ ಭಯಕ್ಕೆ ಕಾರಣವಿದ್ದಿತು. ದೇವಗಡದಂತೆಯೇ ಕಾರವಾರದ ಎದುರಿಗಿರುವ ಕೂರ್ಮಗಡವೆಂಬ ನಡುಗಡ್ಡೆಯಲ್ಲಿ ಪುಷ್ಯದ ಹುಣ್ಣಿಮೆಗೆ ನರಸಿಂಹದೇವರ ಜಾತ್ರೆಯಾಗುವದು. 2019ನೆಯ ಇಸವಿಯ ಜನವರಿ 21ಕ್ಕೆ, ಆ ಜಾತ್ರೆಯಿಂದ ಮರಳುವ ದೋಣಿಯೊಂದು ಮಗುಚಿ 16 ಜನರು ತೀರಿಕೊಂಡರು. ನಮ್ಮ ನೆರೆಯ ಹಾವೇರಿ ಜಿಲ್ಲೆಯಿಂದ ಹೋದವರೂ ಅವರಲ್ಲಿದ್ದರು. "ನಮ್ಮಂಥವ್ರಿಗೆ ಈಸೂದೂ ಬರೂದಿಲ್ಲ, ಬೇಡಿಕೊಳ್ಳೂದೂ ಬರೂದಿಲ್ಲ, ಆ ನೀರು ನಮ್ಮ ಮಾತು ಕೇಳೂದಿಲ್ಲ" ಎಂದು ತಾಯಿಯವರು ಎರಡು ದಿನ ಊಟವನ್ನು ಮೌನದಿಂದಲೇ ಬಡಿಸಿದರು. ತೇಲುಗವಚವಿಲ್ಲದ ದೋಣಿಯನ್ನು ಹತ್ತುವದಿಲ್ಲವೆಂದು ನಾನು ಮಾತು ಕೊಟ್ಟ ಮೇಲೆ ಬುತ್ತಿಯ ರೊಟ್ಟಿಗೆ ಹಿಟ್ಟು ನಾದಿದರು.

ಯಲ್ಲಾಪುರವನ್ನು ದಾಟಿ ಅರೆಬೈಲು ಘಟ್ಟವನ್ನು ಇಳಿಯುವಾಗ, ಈ ಹಾದಿಗೂ ಆ ದೀಪಕ್ಕೂ ನಮ್ಮ ಎರೆಯ ಹೊಲಗಳಿಗೂ ಇರುವ ನಂಟು ನೆನಪಾಯಿತು. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಧಾರವಾಡ ಸೀಮೆಯ ನಾಡಹತ್ತಿಗೆ ಪೇಟೆಯಲ್ಲಿ 'ಕುಮಟಾ ಹತ್ತಿ'ಯೆಂಬ ಹೆಸರಿದ್ದಿತು. ಬೆಳೆದದ್ದು ನಾವು, ಹೆಸರು ಪಡೆದದ್ದು ಬಂದರ! 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲಂಡಕ್ಕೆ ಬರುವದು ನಿಂತಾಗ, ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ನಮ್ಮ ಹೊಲಗಳ ಮೇಲೆ ಬಿದ್ದಿತು. ಕುಮಟೆಯ ಬಂದರಕ್ಕೆ ಗಾಳಿಯ ಮರೆಯಿಲ್ಲ. ಕಾರವಾರದ ಕೊಲ್ಲಿಗಾದರೋ ಗುಡ್ಡಗಳ ಆಸರೆಯುಂಟು. ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡದ ಹೆಸರು ಆ ವ್ಯಾಪಾರಿಗಳ ಕಾಗದಪತ್ರಗಳಲ್ಲಿ ಓಡಾಡಹತ್ತಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸದ ಆಡಳಿತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದೇವಗಡದ ನೆತ್ತಿಯ ಮೇಲೆ ದೀಪಸ್ತಂಭವು ಎದ್ದದ್ದು ಅದೇ ದಶಕದಲ್ಲಿ.

1865ರಲ್ಲಿ ಯುದ್ಧವು ಮುಗಿಯಿತು; ಏರಿದ ಧಾರಣೆ ಇಳಿಯಿತು. 1880ರ ದಶಕದ ಕೊನೆಗೆ ರೈಲು ಬಂದಿತು. ಆದರೆ ಅದು ಲೋಂಡೆಯ ಮೇಲಿಂದ ಗೋವೆಯ ಮುರ್ಮಗೋವೆಗೆ ಇಳಿಯಿತು. ಕಾರವಾರದಲ್ಲಿ ದೀಪವೇನೋ ಹತ್ತಿತು. ಹತ್ತಿಯೇ ಬೇರೆ ಹಾದಿಯನ್ನು ಹಿಡಿಯಿತು. (ಈ ಶ್ಲೇಷೆಯನ್ನು ವಾಚಕರು ಮನ್ನಿಸಬೇಕು, ಅಡತಿಯವರ ಮನೆಯಲ್ಲಿ ಹುಟ್ಟಿದವನು ನಾನು.) ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಇಂದಿಗೂ ಓಡಿಲ್ಲ.

ಅಪ್ಪಣೆಯನ್ನು ಪಡೆದು, ಮರುದಿನ ಮುಂಜಾನೆ ಬೈತಖೋಲದಿಂದ ಯಂತ್ರದ ದೋಣಿಯಲ್ಲಿ ಹೊರಟೆವು. ತಂದೆಯವರು ಧೋತರದ ಮೇಲೆ ಕೇಸರಿ ತೇಲುಗವಚವನ್ನು ತೊಟ್ಟು, ತಲೆಯ ರುಮಾಲನ್ನು ಒಂದು ಕೈಯಿಂದ ಹಿಡಿದುಕೊಂಡು, ಮದುವಣಿಗನಂತೆ ನೆಟ್ಟಗೆ ಕುಳಿತಿದ್ದರು. ಗುಡ್ಡದ ಮರೆ ತಪ್ಪಿದೊಡನೆ ತೆರೆಗಳು ದೋಣಿಯನ್ನು ಎತ್ತಿ ಇಳಿಸಹತ್ತಿದವು. ನನ್ನ ಕೈಗಳು ಹಲಗೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಕೂರ್ಮಗಡ ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಂಬಿಗನು ತಾನಾಗಿಯೇ ಬೆರಳು ಮಾಡಿ ತೋರಿಸಿ, "ಅಜ್ಜನವರೇ, ನೀವು ನಡುವೆ ಕೂತಿರಿ, ಏಳಬೇಡಿ, ಎಲ್ಲರೂ ಒಂದೇ ಬದಿಗೆ ಬಂದರೆ ದೋಣಿಗೆ ಕಷ್ಟ" ಎಂದಷ್ಟೇ ಹೇಳಿದನು.

ದೇವಗಡವು ಬಂಡೆಗಲ್ಲುಗಳ ನಡುಗಡ್ಡೆ. ಬಂಡೆಗೆ ದೋಣಿಯನ್ನು ಒತ್ತಿ ಹಿಡಿದಾಗ ತಂದೆಯವರನ್ನು ಇಬ್ಬರು ಹುಡುಗರು ತೂಕದ ಚೀಲವನ್ನು ಇಳಿಸುವಂತೆ ಜೋಪಾನವಾಗಿ ಇಳಿಸಿದರು. ಆದರೆ ಮೇಲಕ್ಕೇರುವ ದಾರಿಯಲ್ಲಿ ಹತ್ತು ಹೆಜ್ಜೆ ಹಾಕಿದೊಡನೆ ಅವರ ಕಾಲು ಸೋತವು. ನೆರಳಿನಲ್ಲಿ ಕುಳಿತು, "ನೀ ಹೋಗಿ ನೋಡಿ ಬಾ; ಬಂದು ಹೇಳು" ಎಂದರು. ಕಥೆಯು ನಮ್ಮ ಮನೆಗೆ ಹೀಗೆಯೇ ಬಂದಿದ್ದಿತಲ್ಲವೆ? ಆದರೂ ಅವರನ್ನು ಅಲ್ಲಿ ಬಿಟ್ಟು ಹತ್ತುವಾಗ ನನಗೆ ಏನೋ ಕದ್ದಂತೆನಿಸಿತು.

ಮೇಲೆ ದುಂಡನೆಯ ಬಿಳಿಯ ಕಲ್ಲುಗೋಪುರ. ಅದರ ತುದಿಗೆ ಗಾಜಿನ ಕೋಣೆ. ದೀಪಸ್ತಂಭಗಳ ಗುಟ್ಟು ಉರಿಯಲ್ಲಿಲ್ಲ, ಗಾಜಿನಲ್ಲಿರುವದು. ಫ್ರೆಂಚರ ಫ್ರೆನೆಲ್ಲನೆಂಬವನು 1820ರ ದಶಕದಲ್ಲಿ ಗಾಜಿನ ಪಟ್ಟಕಗಳನ್ನು ಬಳೆಯೊಳಗೆ ಬಳೆಯಂತೆ ಜೋಡಿಸಿ, ಸುತ್ತಲೂ ಚೆಲ್ಲಿಹೋಗುವ ಬೆಳಕನ್ನು ಒಂದೇ ಕಡೆಗೆ ಬಾಗಿಸುವದನ್ನು ಕಂಡುಹಿಡಿದನು. ಅದರಿಂದ ಎಣ್ಣೆಯ ಬತ್ತಿಯೊಂದು ಹರಿದಾರಿಗಟ್ಟಲೆ ದೂರದ ನಾವಿಕನಿಗೆ ಕಾಣಿಸುವಂತಾಯಿತು. ಇಂಥ ಗಾಜಿಗೆ ಹಗಲಿನಲ್ಲಿ ತೆರೆಯನ್ನು ಕಟ್ಟುವ ವಾಡಿಕೆಯುಂಟು. ಇಲ್ಲವಾದರೆ ಅದೇ ಗಾಜು ಸೂರ್ಯನ ಬಿಸಿಲನ್ನು ಒಳಕ್ಕೆ ಕೂಡಿಸಿ ಕಿಚ್ಚು ಹಚ್ಚೀತು. ಮೇಲಿನಿಂದ ಪಶ್ಚಿಮಕ್ಕೆ ಬರಿಯ ನೀರು. ಪೂರ್ವಕ್ಕೆ ಸಹ್ಯಾದ್ರಿಯ ನೀಲಿಯ ಗೋಡೆ. ಅದರಾಚೆಗೆ ನಮ್ಮ ಎರೆಯ ಹೊಲಗಳು. ನಾನು ಬಹಳ ಹೊತ್ತು ಪೂರ್ವಕ್ಕೇ ನೋಡಿದೆನು.

ಇಳಿದು ಬಂದೊಡನೆ ತಂದೆಯವರು ಕೇಳಿದರು: "ಹ್ಯಾಂಗೈತಿ?"

"ಹಗಲಾಗ ದೀಪಾ ಹಚ್ಚಿರೂದಿಲ್ಲಪ್ಪಾ. ಬರೇ ಗಾಜು."

ಅವರು ನಕ್ಕರು. "ಹಗಲಾಗ ದೀಪಾ ನೋಡಾಕ ಬಂದವರು ನಾವ ಇಬ್ಬರಿರಬೇಕು" ಎಂದರು.

ಆ ಸಂಜೆ ಕಾಳಿಯ ಸೇತುವೆಯನ್ನು ದಾಟಿ ಸದಾಶಿವಗಡದ ಗುಡ್ಡವನ್ನೇರಿದೆವು. ಮೇಲಿನವರೆಗೂ ಮೋಟಾರು ಹೋಗುವದರಿಂದ ತಂದೆಯವರಿಗೆ ಕಷ್ಟವಾಗಲಿಲ್ಲ. ಕತ್ತಲೆ ಕವಿಯಿತು. ಮೀನುಗಾರರ ದೋಣಿಗಳ ದೀಪಗಳು ಒಂದೊಂದಾಗಿ ಹೊರಬಿದ್ದವು. ಆಮೇಲೆ ದೂರದಲ್ಲಿ ಒಂದು ಬೆಳಕು ಮಿಂಚಿ ಅಡಗಿತು. ಕೆಲವು ಉಸಿರುಗಳ ಕತ್ತಲೆ; ಮತ್ತೆ ಮಿಂಚಿತು. ನಾನು ತಂದೆಯವರ ಗದ್ದವನ್ನು ಮೆಲ್ಲನೆ ಹಿಡಿದು ಮುಖವನ್ನು ಆ ಕಡೆಗೆ ತಿರುಗಿಸಿದೆನು. ಬಾಲ್ಯದಲ್ಲಿ ಬಿದಿಗೆಯ ಚಂದ್ರನನ್ನು ತೋರಿಸಲು ಅವರು ನನಗೆ ಹೀಗೆ ಮಾಡುತ್ತಿದ್ದರು.

"ಹಾಂ, ಕಂಡಿತು" ಎಂದರು. ತುಸು ತಡೆದು, "ಈಗ ಮತ್ತ" ಎಂದರು.

ಆಗ ಕಡಲು ಕತ್ತಲೆಯಾಗಿದ್ದಿತು. ಬೆಳಕು ಮಿಂಚಿದಾಗ ಅವರು ಸುಮ್ಮನಿದ್ದರು. ಅಡಗಿದ ಮೇಲೆ, "ಈಗ" ಎಂದು ಬೆರಳು ಮಡಿಚಿದರು. ಹೀಗೆ ಹತ್ತನ್ನು ಎಣಿಸಿದರು. ಒಂದೂ ಕೂಡಲಿಲ್ಲ.

"ಬರೋಬರಿ ಹೌದಲ್ಲೋ, ತಮ್ಮಾ?"

"ಬರೋಬರಿ ಅದಪ್ಪಾ" ಎಂದೆನು.

ಊರಿಗೆ ಬಂದ ಮೇಲೆ ತಾಯಿಯವರು ಮೊದಲು ತೇಲುಗವಚದ ವಿಷಯವನ್ನೇ ಕೇಳಿದರು. ತಂದೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಕಡಲ ಮೇಲಿನ ಚುಕ್ಕಿಯ ಮಾತನ್ನು ಆಗಲೇ ಆರಂಭಿಸಿದ್ದರು.