ಹಯಮಾರಕ

ಮೈಸೂರಿನ ನಮ್ಮ ಬೀದಿಯಲ್ಲಿ ಮನೆಗೊಂದು ಕಣಗಿಲೆಯ ಬೇಲಿ. ನೀರು ಹಾಕದಿದ್ದರೂ ಬೆಳೆಯುತ್ತದೆ. ದನ ಬಾಯಿ ಹಾಕುವುದಿಲ್ಲ. ಬೆಳಗಾದರೆ ದೇವರ ತಲೆಗೆ ಹೂವು. ಇಷ್ಟು ಗುಣವುಳ್ಳ ಗಿಡವನ್ನು ಯಾರು ತಾನೆ ಬೇಡವೆಂದಾರು?

ಆದರೆ ಒಮ್ಮೆ ಅಮರಕೋಶವನ್ನು ತೆರೆದು ನೋಡಿ. ಕರವೀರಕ್ಕೆ, ಎಂದರೆ ಈ ನಮ್ಮ ಕಣಗಿಲೆಗೆ, ಅಲ್ಲಿ ಕೊಟ್ಟಿರುವ ಹೆಸರುಗಳಲ್ಲಿ ‘ಹಯಮಾರಕ’ವೂ ಒಂದು. ಕುದುರೆಯನ್ನು ಕೊಲ್ಲುವಂಥದು ಎಂದರ್ಥ. ಯಾವ ಕಾಲದಲ್ಲೋ ಯಾವನೋ ಕುದುರೆ ಸಾಕಿದವನು ಅತ್ತು ಕಲಿತ ಪಾಠ ಹೀಗೆ ಹೆಸರಾಗಿ ಉಳಿದಿರಬೇಕು. ಇಂದಿನ ಪಶುವೈದ್ಯರು ಹೇಳುವುದೂ ಅದನ್ನೇ. ಗಿಡದ ಬೇರು, ಎಲೆ, ಹೂವು ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವುಂಟು. ಅಂಥ ಆಳೆತ್ತರದ ಪ್ರಾಣಿಯನ್ನು ಕೆಡವಲು ಒಂದೆರಡು ಹಿಡಿ ಎಲೆ ಸಾಕು. ಕುದುರೆಗೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ನುಂಗಿದ್ದು ಮತ್ತೆ ಬಾಯಿಗೆ ಬಾರದು.

“ಅಲ್ಲ ಸ್ವಾಮಿ, ಮೇಯುವ ಪ್ರಾಣಿಗೆ ಯಾವುದು ವಿಷವೆಂದು ತಿಳಿಯದೆ?” ಎಂದರು ನೆರೆಮನೆಯ ರಾಯರು. ಗಿಡದ ಮೇಲಿರುವ ಹಸಿರೆಲೆಯ ಮಟ್ಟಿಗೆ ಅವರ ಮಾತು ಬಹುಮಟ್ಟಿಗೆ ನಿಜ; ಅದರ ಕಹಿಯೇ ಅದಕ್ಕೆ ಕಾವಲು. ಕತ್ತರಿಸಿ ಒಣಗಿದ ಮೇಲೆ ಆ ಕಾವಲು ಸಡಿಲವಾಗುತ್ತದೆ, ವಿಷ ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ರಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆಯೊಂದಿದೆ. ಅದರ ಕಥೆಯೂ ಹೀಗೆಯೇ. ಮೇಯುವಾಗ ಕುದುರೆ ಸಾಮಾನ್ಯವಾಗಿ ಅದನ್ನು ಬಿಟ್ಟು ಮೇಯುತ್ತದೆ. ಒಣಹುಲ್ಲಿನಲ್ಲಿ ಬೆರೆತು ಬಂದರೆ ತಿಂದುಬಿಡುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ಪಿತ್ತಜನಕಾಂಗ ಕೆಡುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಅಲ್ಲಿನವರು 1959ರ ಕಳೆಗಳ ಕಾಯಿದೆಯಲ್ಲಿ ಅದರ ಹೆಸರನ್ನು ಸೇರಿಸಿದರು. ಅದೂ ಸಾಲದೆಂದು 2003ರಲ್ಲಿ ಅದೊಂದಕ್ಕೇ ಬೇರೆ ಕಾಯಿದೆ ಮಾಡಿದರು.

ನಮಗೆ ಕಾಯಿದೆಯವರೆಗೆ ಹೋಗುವ ಅಗತ್ಯವಿಲ್ಲ. ಗಿಡವನ್ನು ಕೀಳಿರೆಂದೂ ನಾನು ಹೇಳುತ್ತಿಲ್ಲ. ದೇವರಿಗೆ ಹೂವು ಬೇಕು. ಆದರೆ ಹಬ್ಬಕ್ಕೆ ಮುಂಚೆ ಬೇಲಿ ಸವರಿಸುತ್ತೇವೆ, ಸವರಿದ ರೆಂಬೆಗಳನ್ನು ಗೋಡೆಯಾಚೆಗೆ ಎಸೆಯುತ್ತೇವೆ. ಅಲ್ಲಿಗೆ ನಮ್ಮ ಅಂಗಳ ಚೊಕ್ಕಟ. ಈ ಊರಿನಲ್ಲಿ ಇನ್ನೂ ಟಾಂಗಾಗಳಿವೆ. ಬಾಡಿಗೆಯಿಲ್ಲದ ಹೊತ್ತಿನಲ್ಲಿ ಹಸಿದ ಕುದುರೆ ದಾರಿಯ ಅಂಚಿನಲ್ಲಿ ಸಿಕ್ಕಿದ್ದಕ್ಕೆ ಬಾಯಾಡಿಸುತ್ತದೆ. ಆ ಕುದುರೆ ಬಿದ್ದರೆ ಒಂದು ಸಂಸಾರದ ಅನ್ನವೇ ಬಿದ್ದಂತೆ. ಸವರಿದ್ದನ್ನು ಹಿತ್ತಲಲ್ಲೇ ಆಳವಾಗಿ ಹೂಳಬಹುದು. ಸುಡುವುದು ಬೇಡ, ಅದರ ಹೊಗೆಯೂ ಒಳ್ಳೆಯದಲ್ಲ. ಈ ಸಲ ಗುದ್ದಲಿಯನ್ನು ರಾಯರೇ ಕೊಡುತ್ತೇನೆಂದಿದ್ದಾರೆ.